ನ್ಯೂಯಾರ್ಕ್ ನಗರದ ಪಿಜ್ಜಾಗಳನ್ನು ಹೋಲಿಸಿ ನೋಡುವ ಕ್ರಮ

ನ್ಯೂಯಾರ್ಕ್ ನಗರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಪಿಜ್ಜಾ ಯಾವ ಅಂಗಡಿಯದು ಎಂಬ ಪ್ರಶ್ನೆಗೆ ಒಮ್ಮತದ ಉತ್ತರ ಸಿಗುವುದಿಲ್ಲ. ಅದಕ್ಕೆ ರುಚಿಭೇದವಷ್ಟೇ ಕಾರಣವಲ್ಲ. ಒಂದೇ ಹೆಸರಿನ ಐದಾರು ಬೇರೆ ತಿನಿಸುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕ ಹಾಕುವ ಅಭ್ಯಾಸ ಅದಕ್ಕಿಂತ ದೊಡ್ಡ ಕಾರಣ. ರಸ್ತೆ ಬದಿಯಲ್ಲಿ ನಿಂತು ಮಡಚಿ ತಿನ್ನುವ ಸ್ಲೈಸ್, ಕಲ್ಲಿದ್ದಲ ಒಲೆಯಲ್ಲಿ ಬೆಂದು ಇಡಿಯಾಗಿ ಮೇಜಿಗೆ ಬರುವ ಪಿಜ್ಜಾ, ಒಂದೂವರೆ ನಿಮಿಷದೊಳಗೆ ಬೇಯುವ ಇಟಲಿಯ ನೇಪಲ್ಸ್ ಮಾದರಿ, ತಟ್ಟೆಯಲ್ಲಿ ಉಬ್ಬಿದ ಸಿಸಿಲಿಯನ್ ಚೌಕ, ಇವುಗಳ ಹಿಟ್ಟು ಬೇರೆ, ಶಾಖ ಬೇರೆ, ತಿನ್ನಬೇಕಾದ ಹೊತ್ತೂ ಬೇರೆ. ಆದ್ದರಿಂದ ಹೋಲಿಕೆಗೆ ಹೊರಡುವವರು ಮೊದಲು ಗಟ್ಟಿಮಾಡಿಕೊಳ್ಳಬೇಕಾದ ನಿಯಮ ಒಂದೇ: ಒಂದು ಶೈಲಿಯ ಪಿಜ್ಜಾವನ್ನು ಅದೇ ಶೈಲಿಯ ಇನ್ನೊಂದರೊಡನೆ ಮಾತ್ರ ಹೋಲಿಸಬೇಕು. ಶೈಲಿ ಯಾವುದೆಂದು ತಿಳಿಯಬೇಕಾದರೆ ಅಂಗಡಿಯ ಹೆಸರಿಗಿಂತ ಮೊದಲು ಅದರ ಒಲೆಯನ್ನು ನೋಡಬೇಕು.

ಒಲೆಯಿಂದ ಆರಂಭ

ಈ ನಗರದ ಪಿಜ್ಜಾ ಇತಿಹಾಸದ ಆರಂಭದಲ್ಲಿ ಸಾಮಾನ್ಯವಾಗಿ ಉಲ್ಲೇಖಗೊಳ್ಳುವ ಹೆಸರು ಲೊಂಬಾರ್ಡೀಸ್. ಮ್ಯಾನ್‌ಹಟನ್‌ನ ಸ್ಪ್ರಿಂಗ್ ಸ್ಟ್ರೀಟಿನಲ್ಲಿ ಜೆನ್ನಾರೊ ಲೊಂಬಾರ್ಡಿ 1905ರಲ್ಲಿ ಅದನ್ನು ಆರಂಭಿಸಿದರೆಂಬುದು ಪ್ರಚಲಿತ ಕಥೆ. ಅದಕ್ಕೂ ಮೊದಲೇ ನಗರದಲ್ಲಿ ಪಿಜ್ಜಾ ಅಂಗಡಿಗಳಿದ್ದವೆಂದು ಇತ್ತೀಚಿನ ಸಂಶೋಧನೆ ವಾದಿಸುತ್ತದೆ. ಆ ಅಂಗಡಿ 1984ರಲ್ಲಿ ಮುಚ್ಚಿ, 1994ರಲ್ಲಿ ಅದೇ ರಸ್ತೆಯ ಬೇರೊಂದು ಕಟ್ಟಡದಲ್ಲಿ ಮತ್ತೆ ತೆರೆಯಿತು. ಅದರ ನಂತರದ ಸಾಲಿನಲ್ಲಿ ಕೋನಿ ಐಲೆಂಡಿನ ಟೊಟೊನೊಸ್ (1924), ಬ್ಲೀಕರ್ ಸ್ಟ್ರೀಟಿನ ಜಾನ್ಸ್ (1929), ಈಸ್ಟ್ ಹಾರ್ಲೆಮ್‌ನ ಪ್ಯಾಟ್ಸೀಸ್ (1933) ಬರುತ್ತವೆ. ಈ ನಾಲ್ಕೂ ಕಲ್ಲಿದ್ದಲ ಒಲೆಯ ಮನೆಗಳು. ಇವುಗಳಲ್ಲಿ ಉರಿಯುವುದು ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು. ಅದು ಹೆಚ್ಚು ಹೊಗೆಯಿಲ್ಲದೆ ಒಣ ಶಾಖವನ್ನು ಕೊಡುತ್ತದೆ, ಒಲೆಯೊಳಗಿನ ಉಷ್ಣತೆ 425 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮತ್ತು ಪಿಜ್ಜಾ ಕೆಲವೇ ನಿಮಿಷಗಳಲ್ಲಿ ಬೇಯುತ್ತದೆ. ಫಲವಾಗಿ ತಳದಲ್ಲಿ ಅಲ್ಲಲ್ಲಿ ಕರಿ ಮಚ್ಚೆಗಳು, ಹೊರಗೆ ಗರಿಗರಿ, ಒಳಗೆ ತುಸು ಜಗಿಯುವ ಗುಣ ಮೂರೂ ಒಟ್ಟಿಗೆ ದೊರೆಯುತ್ತವೆ. ಆ ಕರಿ ಮಚ್ಚೆಯನ್ನು ಸೀದದ್ದೆಂದು ತಿಳಿದು ತಟ್ಟೆಯನ್ನು ಹಿಂದಿರುಗಿಸುವವರಿದ್ದಾರೆ. ಆದರೆ ಆ ಶೈಲಿಯ ಸ್ವಭಾವವೇ ಅದು. ತಳವೆಲ್ಲ ಕಪ್ಪಾಗಿ ಬಾಯಿಗೆ ಕಹಿ ಹತ್ತಿದರೆ ಮಾತ್ರ ದೋಷ.

ಇಂಥ ಒಲೆಗಳು ನಗರದಲ್ಲಿ ಈಗ ಹೆಚ್ಚಿಲ್ಲ. 2016ರ ಮೇ ತಿಂಗಳಿಗೆ ಮೊದಲು ಸ್ಥಾಪನೆಯಾದ ಕಲ್ಲಿದ್ದಲು ಮತ್ತು ಸೌದೆ ಒಲೆಗಳು ಹೊಗೆಯ ಸೂಕ್ಷ್ಮ ಕಣಗಳನ್ನು ಶೇಕಡಾ 75ರಷ್ಟು ತಗ್ಗಿಸಬೇಕೆಂಬ ನಗರಾಡಳಿತದ ನಿಯಮ 2024ರಲ್ಲಿ ಜಾರಿಗೆ ಬರುವ ಮುನ್ನವೇ ದೊಡ್ಡ ಗದ್ದಲ ಎದ್ದಿತು. ನಿಯಮವು ಒಲೆಯನ್ನು ನಿಷೇಧಿಸಲಿಲ್ಲ, ಚಿಮಣಿಗೆ ಶೋಧಕ ಅಳವಡಿಸಿ ಎಂದಿತು. ರುಚಿ ಹುಟ್ಟುವುದು ಒಲೆಯೊಳಗೆ, ಚಿಮಣಿಯ ತುದಿಯಲ್ಲಲ್ಲ ಎಂಬುದನ್ನು ಗದ್ದಲವೆಬ್ಬಿಸಿದವರಲ್ಲಿ ಹಲವರು ಮರೆತಂತೆ ಕಂಡಿತು.

ಎರಡನೆಯದು ಗ್ಯಾಸ್ ಒಲೆ. ಅಗಲವಾದ ಕಲ್ಲಿನ ಹಾಸಿರುವ, ಒಂದರ ಮೇಲೊಂದು ಅಂತಸ್ತಾಗಿ ಕೂರುವ ಈ ಡೆಕ್ ಒಲೆಗಳು ಎರಡನೇ ಮಹಾಯುದ್ಧದ ನಂತರ ನಗರದ ಮೂಲೆಮೂಲೆಗೂ ಹರಡಿದವು. ಇವುಗಳ ಶಾಖ ಸುಮಾರು 260ರಿಂದ 315 ಡಿಗ್ರಿ. ಕಲ್ಲಿದ್ದಲಿಗೆ ಹೋಲಿಸಿದರೆ ಸೌಮ್ಯ, ಆದರೆ ದಿನವಿಡೀ ಒಂದೇ ಸಮ. ಕಡಿಮೆ ಶಾಖದಲ್ಲೂ ಹಿಟ್ಟು ಕೆಂಪಗಾಗಲಿ ಎಂದು ಅದಕ್ಕೆ ಸ್ವಲ್ಪ ಸಕ್ಕರೆ ಮತ್ತು ಎಣ್ಣೆ ಸೇರಿಸುತ್ತಾರೆ. ನೀರಿನಂಶ ಕಡಿಮೆಯಿರುವ ಮೊಜ್ಜರೆಲ್ಲಾ ಚೀಸ್ ಬಳಸುವುದರಿಂದ ತುಂಡು ಒದ್ದೆಯಾಗುವುದಿಲ್ಲ. ಸುಮಾರು 18 ಅಂಗುಲ ಅಗಲದ ಪಿಜ್ಜಾವನ್ನು ಎಂಟು ತುಂಡು ಮಾಡಿ, ಗಾಜಿನ ಹಿಂದೆ ಇಟ್ಟು, ಗಿರಾಕಿ ಬಂದಾಗ ಒಂದು ತುಂಡನ್ನು ಮತ್ತೆ ಒಲೆಗೆ ತಳ್ಳಿ ಕೊಡುವ ವ್ಯಾಪಾರ ಸಾಧ್ಯವಾದದ್ದು ಈ ಒಲೆಯಿಂದ. ಜಗತ್ತು ನ್ಯೂಯಾರ್ಕ್ ಪಿಜ್ಜಾ ಎಂದು ಗುರುತಿಸುವುದು ಇದನ್ನೇ.

ಮೂರನೆಯದು ಸೌದೆ ಒಲೆ, ಅದರ ಜೊತೆಗೆ ನೇಪಲ್ಸ್ ಶೈಲಿ. ನೇಪಲ್ಸ್‌ನಲ್ಲಿ 1984ರಲ್ಲಿ ಸ್ಥಾಪಿತವಾದ ಪಿಜ್ಜಾ ತಯಾರಕರ ಸಂಘದ ನಿಯಮದಂತೆ ಹಿಟ್ಟಿಗೆ ಮೈದಾ, ನೀರು, ಉಪ್ಪು, ಹುದುಗು ಬಿಟ್ಟರೆ ಬೇರೇನೂ ಬೀಳುವಂತಿಲ್ಲ, ಮತ್ತು ಪಿಜ್ಜಾ 60ರಿಂದ 90 ಸೆಕೆಂಡುಗಳಲ್ಲಿ ಬೇಯಬೇಕು. ಅಂಚು ಉಬ್ಬಿ, ನಡುಭಾಗ ತೆಳ್ಳಗೆ, ಹಸಿ ಟೊಮೇಟೊ ಮತ್ತು ತಾಜಾ ಮೊಜ್ಜರೆಲ್ಲಾದ ನೀರಿನಿಂದ ತೇವವಾಗಿಯೇ ಇರುತ್ತದೆ. ನಡುಭಾಗ ಬಾಗಿ ಕೆಳಗೆ ಜೋತುಬಿದ್ದರೆ ಅದು ನೇಪಲ್ಸ್ ಶೈಲಿಯಲ್ಲಿ ಸಹಜ, ಸ್ಲೈಸ್ ಅಂಗಡಿಯಲ್ಲಿ ಅಪರಾಧ. ಒಂದೇ ಲಕ್ಷಣಕ್ಕೆ ಎರಡು ತೀರ್ಪು ಕೊಡಬೇಕಾದ ಇಂಥ ಕಡೆಗಳಲ್ಲೇ ಹೋಲಿಕೆ ಎಡವುವುದು.

ಏನನ್ನು ಕೇಳಬೇಕು, ಎಲ್ಲಿ ನೋಡಬೇಕು

ಮೊದಲ ಭೇಟಿಯಲ್ಲಿ ಯಾವ ಅಂಗಡಿಯಲ್ಲೂ ಮೇಲೋಗರಗಳ ಪಟ್ಟಿಗೆ ಮರುಳಾಗದೆ ಟೊಮೇಟೊ ಮತ್ತು ಚೀಸ್ ಮಾತ್ರ ಇರುವ ಸಾದಾ ಪಿಜ್ಜಾವನ್ನು ಕೇಳಬೇಕು. ಸ್ಲೈಸ್ ಅಂಗಡಿಯಲ್ಲಿ ಇದಕ್ಕೆ ಪ್ಲೇನ್ ಅಥವಾ ರೆಗ್ಯುಲರ್ ಎನ್ನುತ್ತಾರೆ. ಇಡೀ ಪಿಜ್ಜಾ ಬೇಕಿದ್ದರೆ ಪೈ ಎಂದು ಕೇಳಬೇಕು. ಈರುಳ್ಳಿ, ಅಣಬೆ, ಪೆಪ್ಪರೋನಿ ಎಂಬ ಮಾಂಸದ ಬಿಲ್ಲೆ ಇವೆಲ್ಲ ಹಿಟ್ಟಿನ ದೋಷವನ್ನು ಮುಚ್ಚಿಹಾಕುತ್ತವೆ. ಸಾದಾ ಸ್ಲೈಸಿನಲ್ಲಿ ಅಡಗಿಕೊಳ್ಳಲು ಜಾಗವಿಲ್ಲ.

ಕೈಗೆ ಬಂದ ತುಂಡನ್ನು ಬಾಯಿಗಿಡುವ ಮೊದಲು ಮಗುಚಿ ತಳ ನೋಡಬೇಕು. ತಳದ ಬಣ್ಣ ಬಿಳುಚಿಕೊಂಡಿದ್ದರೆ ಒಲೆ ಸಾಕಷ್ಟು ಕಾದಿರಲಿಲ್ಲ ಅಥವಾ ಜನದಟ್ಟಣೆಯಲ್ಲಿ ಆತುರದಿಂದ ತೆಗೆದಿದ್ದಾರೆ ಎಂದು ತಿಳಿಯಬೇಕು. ಸ್ಲೈಸಿನಲ್ಲಿ ಕಂದುಬಣ್ಣ ಸಮನಾಗಿ ಹರಡಿರಬೇಕು, ಕಲ್ಲಿದ್ದಲ ಪಿಜ್ಜಾದಲ್ಲಿ ಮಚ್ಚೆಮಚ್ಚೆಯಾಗಿರಬೇಕು, ನೇಪಲ್ಸ್ ಶೈಲಿಯಲ್ಲಿ ಚಿರತೆಯ ಮೈಯ ಚುಕ್ಕೆಗಳಂತೆ ಚಿಕ್ಕದಾಗಿ ಹರಡಿರಬೇಕು. ಅನಂತರ ಸ್ಲೈಸನ್ನು ಉದ್ದಕ್ಕೆ ಮಡಚಿ ಅಂಚನ್ನು ಹಿಡಿದು ಎತ್ತಬೇಕು: ತುದಿ ನೇರವಾಗಿ ನಿಂತರೆ ಒಳ್ಳೆಯದು, ಸ್ವಲ್ಪ ಬಾಗಿದರೂ ಅಡ್ಡಿಯಿಲ್ಲ, ಚೀಸ್ ಜಾರಿ ತಟ್ಟೆಗೆ ಬಿದ್ದರೆ ಸಾಸ್ ಹೆಚ್ಚಾಗಿದೆ ಇಲ್ಲವೇ ಹಿಟ್ಟು ಬೆಂದಿಲ್ಲ. ಮಡಚಿದಾಗ ಬೆನ್ನಿನುದ್ದಕ್ಕೂ ಸಣ್ಣಗೆ ಬಿರುಕು ಬಿಡುವ ಸದ್ದು ಕೇಳಿದರೂ ಎರಡು ತುಂಡಾಗದಿರುವುದು ಉತ್ತಮ ಸ್ಲೈಸಿನ ಗುರುತು.

ಕೊನೆಯಲ್ಲಿ ಉಳಿಯುವ ಅಂಚನ್ನು ಎಸೆಯದೆ ಒಂಟಿಯಾಗಿ ತಿಂದು ನೋಡಬೇಕೆಂಬುದು ನನ್ನ ಒತ್ತಾಯ. ಸಾಸ್, ಚೀಸ್ ಯಾವುದೂ ಇಲ್ಲದ ಅಂಚಿನಲ್ಲಿ ಹಿಟ್ಟಿನ ನಿಜವಾದ ರುಚಿ ಗೊತ್ತಾಗುತ್ತದೆ. ತಂಪು ಪೆಟ್ಟಿಗೆಯಲ್ಲಿ ಒಂದೆರಡು ದಿನ ನಿಧಾನವಾಗಿ ಹುದುಗಿದ ಹಿಟ್ಟಿಗೆ ಸಣ್ಣ ಹುಳಿ ಮತ್ತು ಧಾನ್ಯದ ಪರಿಮಳವಿರುತ್ತದೆ. ಬೆಳಗ್ಗೆ ನಾದಿ ಮಧ್ಯಾಹ್ನ ಬೇಯಿಸಿದ್ದಕ್ಕೆ ಉಪ್ಪಿನ ಹೊರತು ಬೇರೆ ರುಚಿಯಿರುವುದು ಅಪರೂಪ. ನಗರದ ನಲ್ಲಿ ನೀರೇ ಇಲ್ಲಿನ ಪಿಜ್ಜಾದ ಗುಟ್ಟು ಎಂದು ಹೇಳುವವರು ಬಹಳ. ಕ್ಯಾಟ್ಸ್‌ಕಿಲ್ ಮತ್ತು ಡೆಲವೇರ್ ಜಲಾಶಯಗಳಿಂದ ಬರುವ ಆ ನೀರು ಮೃದುವಾದದ್ದು ನಿಜ. ಆದರೆ ಒಂದೇ ನೀರಿನಿಂದ ಒಂದೇ ರಸ್ತೆಯಲ್ಲಿ ಅಮೋಘವಾದದ್ದೂ ಅಸಹ್ಯವಾದದ್ದೂ ತಯಾರಾಗುವಾಗ, ಹುದುಗುವಿಕೆಗೂ ಒಲೆಗೂ ಸಲ್ಲಬೇಕಾದ ಶ್ರೇಯವನ್ನು ನಲ್ಲಿಗೆ ಕೊಡಲು ನನಗೆ ಮನಸ್ಸಿಲ್ಲ.

ಹೊತ್ತಿನ ಲೆಕ್ಕವೂ ಮುಖ್ಯ. ಸ್ಲೈಸ್ ಅಂಗಡಿಗೆ ಗಿರಾಕಿಗಳು ಹೆಚ್ಚಿರುವ ವೇಳೆಯಲ್ಲೇ ಹೋಗಬೇಕು. ಆಗ ಪಿಜ್ಜಾ ಗಾಜಿನ ಹಿಂದೆ ಹೆಚ್ಚು ಕಾಲ ಕೂರುವುದಿಲ್ಲ. ಸ್ಲೈಸನ್ನು ಮತ್ತೆ ಬಿಸಿಮಾಡಿ ಕೊಡುವುದನ್ನು ಹೊಸಬರು ಹಳಸಲು ಮಾರಿದಂತೆ ಭಾವಿಸುತ್ತಾರೆ, ಆದರೆ ಎರಡನೇ ಬಾರಿ ಕಾದಾಗ ತಳ ಇನ್ನಷ್ಟು ಗರಿಗರಿಯಾಗುವುದರಿಂದ ಅನೇಕ ಹಳಬರು ಅದನ್ನೇ ಮೆಚ್ಚುತ್ತಾರೆ. ಹಾಗಾಗಿ ಹೋಲಿಕೆಗೆ ಇಳಿದಾಗ ಎರಡೂ ಅಂಗಡಿಗಳಲ್ಲಿ ಬಿಸಿಮಾಡಿದ ಸ್ಲೈಸನ್ನೇ ತೆಗೆದುಕೊಳ್ಳಬೇಕು, ಇಲ್ಲವೇ ಎರಡರಲ್ಲೂ ಒಲೆಯಿಂದ ಆಗತಾನೇ ಇಳಿದದ್ದನ್ನು. ನೇಪಲ್ಸ್ ಶೈಲಿಯದಕ್ಕೆ ಮಾತ್ರ ಈ ಸೌಕರ್ಯವಿಲ್ಲ: ಕಾವಲಿಯಿಂದ ನೇರವಾಗಿ ಎಲೆಗೆ ಬಿದ್ದ ದೋಸೆಗೂ ಪೊಟ್ಟಣ ಕಟ್ಟಿಸಿ ಮನೆಗೆ ತಂದ ದೋಸೆಗೂ ಇರುವಷ್ಟೇ ಅಂತರ ಅದರಲ್ಲೂ ಇದೆ. ಡೆಲಿವರಿ ಪೆಟ್ಟಿಗೆಯಲ್ಲಿ ಬಂದ ನೇಪಲ್ಸ್ ಪಿಜ್ಜಾವನ್ನು ಆಧರಿಸಿ ಅಂಗಡಿಯ ಮೇಲೆ ತೀರ್ಪು ಕೊಡುವುದು ಅನ್ಯಾಯ.

ಜೋಡಿ ಅಂಗಡಿಗಳು

ಹೋಲಿಕೆ ಬಾಯಿಯಲ್ಲಿ ನೆನಪಿರಬೇಕಾದರೆ ಎರಡು ಅಂಗಡಿಗಳ ನಡುವಿನ ದೂರ ನಡೆದು ಹೋಗುವಷ್ಟಿರಬೇಕು. ಈ ದೃಷ್ಟಿಯಿಂದ ಅತ್ಯುತ್ತಮ ಪಾಠಶಾಲೆ ಗ್ರೀನಿಚ್ ವಿಲೇಜ್. ಕಾರ್ಮೈನ್ ಸ್ಟ್ರೀಟಿನಲ್ಲಿ 1975ರಿಂದ ಇರುವ ಜೋಸ್ ಪಿಜ್ಜಾ ಗ್ಯಾಸ್ ಒಲೆಯ ಸ್ಲೈಸ್ ಅಂಗಡಿ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಕಲ್ಲಿದ್ದಲ ಒಲೆಯ, ಸ್ಲೈಸ್ ಮಾರುವುದೇ ಇಲ್ಲವೆಂದು ಹೇಳಿಕೊಳ್ಳುವ ಜಾನ್ಸ್. ಮೊದಲು ಜೋಸ್‌ನಲ್ಲಿ ಒಂದು ಪ್ಲೇನ್ ಸ್ಲೈಸನ್ನು ನಿಂತೇ ತಿಂದು, ತಕ್ಷಣ ಜಾನ್ಸ್‌ನಲ್ಲಿ ಕುಳಿತು ಸಾದಾ ಪೈ ತರಿಸಿಕೊಂಡರೆ, ಎರಡು ಒಲೆಗಳ ವ್ಯತ್ಯಾಸ ಯಾವ ವಿವರಣೆಯೂ ಇಲ್ಲದೆ ತಿಳಿಯುತ್ತದೆ. ಇವೆರಡರಲ್ಲಿ ಯಾವುದು ಮೇಲು ಎಂದು ಕೇಳಬಾರದು. ಇದು ಸ್ಪರ್ಧೆಯಲ್ಲ, ನಾಲಗೆಗೆ ಎರಡು ಅಳತೆಗೋಲುಗಳನ್ನು ಕೊಡುವ ಅಭ್ಯಾಸ. ಎರಡೂ ಕಡೆ ಪೈ ಅನ್ನೇ ತರಿಸಿದರೆ ಎರಡನೆಯದು ಬರುವ ಹೊತ್ತಿಗೆ ಹೊಟ್ಟೆ ತುಂಬಿ ನಾಲಗೆ ಸೋತಿರುತ್ತದೆ, ಆದ್ದರಿಂದ ಮೂರು ನಾಲ್ಕು ಜನರ ಗುಂಪಾಗಿ ಹೋಗುವುದು ಲೇಸು.

ಲೋವರ್ ಈಸ್ಟ್ ಸೈಡಿನ ಆರ್ಚರ್ಡ್ ಸ್ಟ್ರೀಟಿನಲ್ಲಿ ಇನ್ನೊಂದು ಜೋಡಿಯಿದೆ. ಹಿಟ್ಟಿಗೆ ಬೇಕಾದ ಧಾನ್ಯವನ್ನು ತಾನೇ ಬೀಸಿಕೊಳ್ಳುವುದಕ್ಕೆ ಹೆಸರಾದ ಸ್ಕಾರ್ಸ್ ಪಿಜ್ಜಾ ಸ್ಲೈಸಿನ ಕಡೆಗೆ ನಿಂತರೆ, ಆಂಥನಿ ಮಾಂಜೇರಿಯವರ ಊನಾ ಪಿಜ್ಜಾ ನಪೊಲೆಟಾನಾ ಅದೇ ರಸ್ತೆಯಲ್ಲಿ ಸೌದೆ ಒಲೆಯ ಮುಂದೆ ನಿಂತಿದೆ. ಊನಾದಲ್ಲಿ ಪಿಜ್ಜಾಗಳ ಪಟ್ಟಿ ಬಹಳ ಚಿಕ್ಕದು, ವಾರದ ಕೆಲವೇ ಸಂಜೆ ತೆರೆದಿರುತ್ತದೆ, ಮುಂಗಡ ಕಾಯ್ದಿರಿಸದೆ ಜಾಗ ಸಿಗುವುದು ಕಷ್ಟ. ಹಿಟ್ಟಿಗೆ ಇಷ್ಟು ಗಮನ ಕೊಡುವ ಅಂಗಡಿ ನಗರದಲ್ಲಿ ಮತ್ತೊಂದು ಸಿಗುವುದು ಕಷ್ಟವೆಂಬುದು ನನ್ನ ಅಭಿಪ್ರಾಯ. ಬಡಿಸುವವರ ಗಾಂಭೀರ್ಯ ಮಾತ್ರ ಒಮ್ಮೊಮ್ಮೆ ಪಿಜ್ಜಾಕ್ಕೆ ತುಸು ಭಾರವೆನಿಸುತ್ತದೆ.

ಬ್ರೂಕ್ಲಿನ್‌ನಲ್ಲಿ ಒಂದು ದಿನ ಪೂರ್ತಿ ಕೊಡಬಲ್ಲವರಿಗೆ ಕ್ಯೂ (Q) ಎಂಬ ಸಬ್‌ವೇ (ನಗರದ ಮೆಟ್ರೊ) ರೈಲು ಸಾಕು. ಅವೆನ್ಯೂ ಜೆ ನಿಲ್ದಾಣದಲ್ಲಿ ಇಳಿದರೆ ಮಿಡ್‌ವುಡ್‌ನ ಡಿ ಫಾರಾ. ಡೊಮೆನಿಕೊ ಡಿಮಾರ್ಕೊ 1965ರಲ್ಲಿ ಆರಂಭಿಸಿ, 2022ರಲ್ಲಿ ತೀರಿಕೊಳ್ಳುವವರೆಗೂ ಅದರ ಹೆಸರಿನೊಂದಿಗೆ ಒಂದಾಗಿದ್ದರು. ಒಲೆಯಿಂದ ಇಳಿದ ಪಿಜ್ಜಾದ ಮೇಲೆ ಅವರು ತುಳಸಿಯ ಬಂಧುವಾದ ಬೇಸಿಲ್ ಸೊಪ್ಪನ್ನು ಕತ್ತರಿಯಿಂದ ಕತ್ತರಿಸಿ ಉದುರಿಸುತ್ತಿದ್ದ ರೀತಿ ನಗರದಲ್ಲೆಲ್ಲ ಪ್ರಸಿದ್ಧವಾಗಿತ್ತು. ಅದೇ ರೈಲಿನ ಕೊನೆಯ ನಿಲ್ದಾಣವಾದ ಕೋನಿ ಐಲೆಂಡಿನಲ್ಲಿ ಟೊಟೊನೊಸ್. 2012ರ ಸ್ಯಾಂಡಿ ಚಂಡಮಾರುತದಲ್ಲಿ ಅದು ಜಲಾವೃತವಾಗಿ ಮತ್ತೆ ಎದ್ದುನಿಂತಿತು. ಇಂಥ ಹಳೆಯ ಅಂಗಡಿಗಳ ತೆರೆಯುವ ದಿನಗಳು ಬದಲಾಗುತ್ತಲೇ ಇರುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಕೋನಿ ಐಲೆಂಡಿನಿಂದ ಎನ್ ರೈಲು ಹಿಡಿದರೆ ಮೊದಲ ನಿಲ್ದಾಣ 86ನೇ ಸ್ಟ್ರೀಟ್, ಅಲ್ಲಿಂದ ಸ್ವಲ್ಪ ನಡೆದರೆ ಎಲ್ ಅಂಡ್ ಬಿ ಸ್ಪುಮೋನಿ ಗಾರ್ಡನ್ಸ್. ಆದರೆ ಇಲ್ಲಿಗೆ ಬರುವಷ್ಟರಲ್ಲಿ ಶೈಲಿ ಬದಲಾಗುತ್ತದೆ.

ಚೌಕಗಳು

ಚೌಕ ಪಿಜ್ಜಾಗಳನ್ನೆಲ್ಲ ಸಿಸಿಲಿಯನ್ ಎಂದೇ ಕರೆಯುವುದು ರೂಢಿಯಾದರೂ ಅವುಗಳಲ್ಲಿ ಕನಿಷ್ಠ ಮೂರು ಕುಲಗಳಿವೆ. ಸಿಸಿಲಿಯನ್ ಶೈಲಿಯಲ್ಲಿ ಹಿಟ್ಟನ್ನು ಎಣ್ಣೆ ಸವರಿದ ಆಯತದ ತಟ್ಟೆಯಲ್ಲಿ ಹರಡಿ, ಅದು ಉಬ್ಬುವವರೆಗೆ ಕಾದು ಬೇಯಿಸುತ್ತಾರೆ. ಆದ್ದರಿಂದ ತುಂಡು ದಪ್ಪ, ಒಳಗೆ ಬ್ರೆಡ್ಡಿನಂತೆ ರಂಧ್ರಮಯ, ತಳ ಎಣ್ಣೆಯಲ್ಲಿ ಕರಿದಂತೆ ಗರಿಗರಿ. ಗ್ರ್ಯಾಂಡ್ಮಾ ಎಂದು ಹೆಸರಾದದ್ದು ನಗರದ ಪೂರ್ವಕ್ಕಿರುವ ಲಾಂಗ್ ಐಲೆಂಡಿನ ಮನೆ ಅಡುಗೆಯಿಂದ ಬಂದದ್ದು. ಅದರಲ್ಲಿ ಹಿಟ್ಟು ತಟ್ಟೆಯಲ್ಲಿ ಹೆಚ್ಚು ಹೊತ್ತು ಉಬ್ಬಲು ಬಿಡುವುದಿಲ್ಲವಾದ್ದರಿಂದ ತೆಳ್ಳಗಿರುತ್ತದೆ, ಚೀಸ್ ಮೊದಲು ಬಿದ್ದು ಅದರ ಮೇಲೆ ಬೆಳ್ಳುಳ್ಳಿ ಬೆರೆತ ಟೊಮೇಟೊ ಬೀಳುತ್ತದೆ. ಎಲ್ ಅಂಡ್ ಬಿಯ ಸಿಸಿಲಿಯನ್ನಿನಲ್ಲೂ ಚೀಸ್ ಕೆಳಗೆ, ಸಾಸ್ ಮೇಲೆ. ಈ ತಲೆಕೆಳಗಿನ ಕ್ರಮದಿಂದ ಸಾಸಿನ ತೇವ ಹಿಟ್ಟಿಗೆ ಇಳಿಯುವುದಿಲ್ಲ. ಜೊತೆಗೆ ಚೀಸಿಗೆ ತಾಗಿದ ಹಿಟ್ಟಿನ ಮೇಲ್ಪದರ ಪೂರ್ತಿ ಬೇಯದಂತೆ ಮೆತ್ತಗೆ ಉಳಿಯುತ್ತದೆ. ಅದನ್ನು ಹಸಿ ಎಂದು ದೂರುವವರಿಗೂ ಅದಕ್ಕಾಗಿಯೇ ದೂರದಿಂದ ಬರುವವರಿಗೂ ಇಲ್ಲಿ ಕೊರತೆಯಿಲ್ಲ. ನಾನು ಎರಡನೆಯ ಗುಂಪಿನವನು, ಆದರೆ ಮೂಲೆಯ ತುಂಡು ಸಿಕ್ಕಿದರೆ ಮಾತ್ರ.

ಮೂರನೆಯದಾದ ಡೆಟ್ರಾಯ್ಟ್ ಶೈಲಿ ಹೊರಗಿನಿಂದ ಬಂದ ಅತಿಥಿ. ಡೆಟ್ರಾಯ್ಟ್‌ನ ಬಡ್ಡೀಸ್‌ನಲ್ಲಿ 1946ರಲ್ಲಿ ಹುಟ್ಟಿದ ಇದರಲ್ಲಿ ಚೀಸನ್ನು ಉಕ್ಕಿನ ತಟ್ಟೆಯ ಗೋಡೆಗೆ ತಾಗುವಂತೆ ಹರಡುವುದರಿಂದ ನಾಲ್ಕೂ ಅಂಚು ಸೀದ ಚೀಸಿನ ಗೋಡೆಯಾಗುತ್ತದೆ. ಬ್ರೂಕ್ಲಿನ್‌ನಲ್ಲಿ ಎಮಿ ಸ್ಕ್ವೇರ್ಡ್ 2016ರಲ್ಲಿ ಆರಂಭವಾದ ನಂತರ ಇದಕ್ಕೆ ನಗರದಲ್ಲಿ ಅಭಿಮಾನಿಗಳು ಹೆಚ್ಚಿದರು. ಪ್ರಿನ್ಸ್ ಸ್ಟ್ರೀಟ್ ಪಿಜ್ಜಾದ ಪೆಪ್ಪರೋನಿ ಚೌಕ ಇಂದು ಅತಿ ಹೆಚ್ಚು ಫೋಟೋಕ್ಕೆ ಸಿಕ್ಕುವ ಸ್ಲೈಸ್ ಇರಬಹುದು, ಅದರ ಮುಂದಿನ ಸಾಲೂ ಅಷ್ಟೇ ಉದ್ದ. ಆ ಜಾಗದಲ್ಲಿ ಮೊದಲಿದ್ದದ್ದು 1959ರಲ್ಲಿ ತೆರೆದ ರೇಸ್ ಪಿಜ್ಜಾ. ಆ ಹೆಸರಿಗೆ ಫೇಮಸ್, ಒರಿಜಿನಲ್ ಮುಂತಾದ ಬಾಲ ಅಂಟಿಸಿಕೊಂಡ, ಒಂದಕ್ಕೊಂದು ಸಂಬಂಧವಿಲ್ಲದ ಅಂಗಡಿಗಳು ನಗರದಲ್ಲೆಲ್ಲ ಎದ್ದ ಕಥೆ ಇಲ್ಲಿನ ಹಳೆಯ ತಮಾಷೆ. ಫಲಕದ ಮೇಲಿನ ಒರಿಜಿನಲ್ ಎಂಬ ಮಾತನ್ನು ಹೋಲಿಕೆಯಲ್ಲಿ ಲೆಕ್ಕಕ್ಕೆ ಹಿಡಿಯಬಾರದು.

ಬೆಲೆ, ಸಾಲು, ಸಸ್ಯಾಹಾರ

ಸಾದಾ ಸ್ಲೈಸಿನ ಬೆಲೆಯೂ ಸಬ್‌ವೇ ಟಿಕೆಟ್ಟಿನ ಬೆಲೆಯೂ ಒಟ್ಟೊಟ್ಟಿಗೆ ಏರುತ್ತವೆ ಎಂಬ ಮಾತು 1980ರಿಂದ ಪ್ರಚಲಿತದಲ್ಲಿದೆ. ಸಬ್‌ವೇ ದರ 2023ರ ಆಗಸ್ಟ್‌ನಲ್ಲಿ 2 ಡಾಲರ್ 90 ಸೆಂಟಿಗೆ ಏರುವ ಹೊತ್ತಿಗೆ ಹೆಸರುವಾಸಿ ಅಂಗಡಿಗಳ ಸ್ಲೈಸ್ ಅದನ್ನು ಹಿಂದಿಕ್ಕಿ ಮುಂದೆ ಹೋಗಿತ್ತು. 2008ರ ಆರ್ಥಿಕ ಕುಸಿತದ ಕಾಲದಲ್ಲಿ ಹಬ್ಬಿದ ಒಂದು ಡಾಲರಿನ ಸ್ಲೈಸ್ ಕೂಡ ಹಳೆಯ ಬೆಲೆಗೆ ಸಿಗುವುದು ಕಡಿಮೆಯಾಗಿದೆ. ಅದನ್ನು ಜೋಸ್‌ನ ಸ್ಲೈಸಿನೊಡನೆ ಹೋಲಿಸದೆ, ಹಸಿವು ಮತ್ತು ಜೇಬು ಎರಡನ್ನೂ ನೋಡಿಕೊಂಡು ಬೇರೆಯೇ ಪಂಕ್ತಿಯಲ್ಲಿ ಕೂರಿಸುವುದು ನ್ಯಾಯ. ಕೆಲವು ಹಳೆಯ ಅಂಗಡಿಗಳು ನಗದನ್ನೇ ಕೇಳುತ್ತವೆ, ಜೇಬಿನಲ್ಲಿ ಒಂದಿಷ್ಟು ನೋಟು ಇರಲಿ.

ಸಾಲಿನ ಉದ್ದವನ್ನು ಗುಣದ ಪುರಾವೆಯಾಗಿ ಎಣಿಸಬಾರದು. ಬ್ರೂಕ್ಲಿನ್ ಸೇತುವೆಯ ಕೆಳಗೆ ಅಕ್ಕಪಕ್ಕದಲ್ಲಿರುವ ಗ್ರಿಮಾಲ್ಡೀಸ್ ಮತ್ತು ಜೂಲಿಯಾನಾಸ್ ಎರಡರ ಮುಂದೆಯೂ ಪ್ರವಾಸಿಗರ ಸಾಲಿರುತ್ತದೆ. ಗ್ರಿಮಾಲ್ಡೀಸ್ ಎಂಬ ಹೆಸರನ್ನು ಮಾರಿದ ಪ್ಯಾಟ್ಸಿ ಗ್ರಿಮಾಲ್ಡಿಯವರೇ 2012ರಲ್ಲಿ ತಮ್ಮ ಹಳೆಯ ಜಾಗಕ್ಕೆ ಮರಳಿ ಜೂಲಿಯಾನಾಸ್ ತೆರೆದದ್ದರಿಂದ ಈ ಜೋಡಿ ಹುಟ್ಟಿತು. ಎರಡೂ ಕಲ್ಲಿದ್ದಲ ಒಲೆಯ ಮನೆಗಳಾದ್ದರಿಂದ ಇದು ನ್ಯಾಯವಾದ ಹೋಲಿಕೆ. ನನ್ನ ಮತ ಜೂಲಿಯಾನಾಸ್‌ಗೆ, ಅದರ ತಳ ಹೆಚ್ಚು ಹಗುರ. ಕ್ಯಾರಲ್ ಗಾರ್ಡನ್ಸ್‌ನ ಲೂಕಾಲಿಯಲ್ಲಿ (2006) ಊಟ ಬೇಕಿದ್ದರೆ ಸಂಜೆ ಬಾಗಿಲು ತೆರೆಯುವುದಕ್ಕೆ ಬಹಳ ಮೊದಲೇ ಹೋಗಿ ಹೆಸರು ಬರೆಸಬೇಕು, ಆಮೇಲೆ ಕಾಯಬೇಕು. ಪಿಜ್ಜಾ ಅಷ್ಟು ತಾಳ್ಮೆಗೆ ಯೋಗ್ಯವೇ ಎಂದರೆ, ಒಮ್ಮೆಗೆ ಹೌದು.

ಮಾಂಸ ತಿನ್ನದವರು ಗಮನಿಸಬೇಕಾದ ಸಂಗತಿ ಪೆಪ್ಪರೋನಿಯಲ್ಲಿ ಇಲ್ಲ, ಚೀಸಿನಲ್ಲಿದೆ. ಇಟಲಿಯಲ್ಲಿ ತಯಾರಾಗುವ ಪೆಕೊರಿನೊ ರೊಮಾನೊ ಮತ್ತು ಪಾರ್ಮಿಜಾನೊ ರೆಜ್ಜಾನೊ ಚೀಸುಗಳ ಹಾಲನ್ನು ಹೆಪ್ಪುಗಟ್ಟಿಸಲು ಎಳೆಯ ಪ್ರಾಣಿಗಳ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ, ಮತ್ತು ಸಾದಾ ಪಿಜ್ಜಾದ ಮೇಲೂ ಇವುಗಳನ್ನು ತುರಿದು ಉದುರಿಸುವ ಅಂಗಡಿಗಳು ಬಹಳ. ಕಟ್ಟುನಿಟ್ಟಾದವರು ಆ ತುರಿ ಬೇಡವೆಂದು ಮೊದಲೇ ಹೇಳಿ, ಮೊಜ್ಜರೆಲ್ಲಾದಲ್ಲಿ ಯಾವ ರೆನೆಟ್ ಇದೆಯೆಂದು ವಿಚಾರಿಸಬೇಕು. ಚೀಸೇ ಇಲ್ಲದ, ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ ಮಾತ್ರ ಇರುವ ಮರಿನಾರಾ ನೇಪಲ್ಸ್ ಶೈಲಿಯ ಮನೆಗಳಲ್ಲಿ ಸಿಗುತ್ತದೆ. ಹಿಟ್ಟನ್ನು ಪರೀಕ್ಷಿಸಲು ಅದಕ್ಕಿಂತ ನೇರವಾದ ಪಿಜ್ಜಾ ಇನ್ನೊಂದಿಲ್ಲ.

ಮ್ಯಾನ್‌ಹಟನ್ ಮತ್ತು ಬ್ರೂಕ್ಲಿನ್‌ಗಳಲ್ಲೇ ಪಟ್ಟಿ ಮುಗಿಸುವವರು ಒಂದು ಶೈಲಿಯನ್ನು ಪೂರ್ತಿ ಕಳೆದುಕೊಳ್ಳುತ್ತಾರೆ. ಸ್ಟ್ಯಾಟನ್ ಐಲೆಂಡಿಗೆ ಹೋಗುವ ದೋಣಿಗೆ ಟಿಕೆಟ್ಟಿಲ್ಲ. ಸೇಂಟ್ ಜಾರ್ಜ್‌ನಲ್ಲಿ ಇಳಿದು ವಿಕ್ಟರಿ ಬುಲೆವಾರ್ಡಿನ ಬಸ್ ಹಿಡಿದರೆ 1960ರಿಂದ ಇರುವ ಜೋ ಅಂಡ್ ಪ್ಯಾಟ್ಸ್ ಸಿಗುತ್ತದೆ. ಅಲ್ಲಿನ ಪಿಜ್ಜಾ ಬಹಳ ತೆಳು, ಅಂಚೆಂಬುದು ಬಹುತೇಕ ಇಲ್ಲ, ಚೀಸ್ ಒಂದೇ ಹಾಸಾಗಿರದೆ ಸಾಸಿನ ನಡುವೆ ದ್ವೀಪಗಳಾಗಿ ನಿಂತಿರುತ್ತದೆ. ಮಡಚಲು ಹೋದರೆ ಮುರಿಯುತ್ತದೆ, ಆದ್ದರಿಂದ ಮಡಚುವ ಪರೀಕ್ಷೆಯನ್ನು ಇಲ್ಲಿ ಕೈಬಿಡಬೇಕು. ಬ್ರಾಂಕ್ಸ್‌ನ ಕ್ರಾಸ್ಬಿ ಅವೆನ್ಯೂದಲ್ಲಿ ಮನೆಯೊಂದರ ತಳಮಹಡಿಯಲ್ಲಿರುವ ಲೂಯಿ ಅಂಡ್ ಅರ್ನೀಸ್ ಮತ್ತೆ ಗ್ಯಾಸ್ ಒಲೆಯ ಸ್ಲೈಸಿಗೆ ಕರೆತರುತ್ತದೆ. ಈ ನಗರದಲ್ಲಿ ಪ್ಲೇನ್ ಸ್ಲೈಸಿನ ಪಂಕ್ತಿಯ ತುದಿಯಲ್ಲಿ ಯಾರನ್ನು ಕೂರಿಸುತ್ತೀರಿ ಎಂದು ಯಾರಾದರೂ ಒತ್ತಾಯಿಸಿದರೆ, ಜೋಸ್‌ನ ಪಕ್ಕದಲ್ಲಿ ನಾನು ಈ ಅಂಗಡಿಯನ್ನೂ ಕೂರಿಸುತ್ತೇನೆ.